ಕ್ರಾಂತಿ, ನಿನ್ನ ಗುರಿಗಳು ಕಾಯುತ್ತಿವೆ

ಕೂಡ್ಲಿಗಿಯಲ್ಲಿ ಸಮುದ್ರ ಇಲ್ಲ. ಸಮುದ್ರದ ಮಾತು ಬಿಡಿ, ಬೇಸಿಗೆಯಲ್ಲಿ ನಲ್ಲಿಗೆ ನೀರು ಬಂತೆಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಬೀದಿಗೆ ಇಳಿಯುವ ಊರು ಅದು. ಆದರೂ ಕುರಿ ವ್ಯಾಪಾರಿ ಬೀರಲಿಂಗೇಶನ ಮನೆಯ ಗೋಡೆಗೆ ಅಂಟಿಸಿದ್ದ ಬಣ್ಣದ ಹಾಳೆಯೊಂದು, ಅವನ ಹಿರಿಮಗಳು ಕ್ರಾಂತಿ ಮುಂದೆ ಸಾಗರ ವಿಜ್ಞಾನಿಯಾಗುತ್ತಾಳೆ, ನಾರ್ವೆ ಎಂಬ ದೇಶದಲ್ಲಿ ಓದುತ್ತಾಳೆ ಎಂದು ಬಂದವರಿಗೆಲ್ಲ ಹೇಳುತ್ತಿತ್ತು.

ಇದೆಲ್ಲ ಶುರುವಾದದ್ದು ಹೊಸಪೇಟೆಯ ಹೋಟೆಲೊಂದರಲ್ಲಿ ನಡೆದ ಶಿಕ್ಷಣ ಮೇಳದಲ್ಲಿ. ಟೈ ಕಟ್ಟಿದ್ದ ಹುಡುಗನೊಬ್ಬ ಕ್ರಾಂತಿಯ ಮುಂದೆ ಬಗ್ಗಿ, “ನಿನ್ನ ಆಸೆ ಏನಮ್ಮ?” ಎಂದು ಕೇಳಿದ. ಮಗು, “ನನಗ ಸಮುದ್ರ ನೋಡಬೇಕು” ಅಂದಿತು. ಅಷ್ಟೇ. ಬಸ್ಸು ಹತ್ತಿ ಹೋಗಿ, ಕಾಲು ನೆನೆಸಿಕೊಂಡು, ಬಸ್ಸು ಹತ್ತಿ ಬರುವಷ್ಟು ಸಣ್ಣ ಆಸೆ. ಆ ಹುಡುಗ ಅದನ್ನು ಲ್ಯಾಪ್‌ಟಾಪಿಗೆ ಹಾಕಿದ. ಒಂದು ಚಹಾ ಕುಡಿಯುವಷ್ಟರಲ್ಲಿ ಅದು ಜೀವನದ ಗುರಿಯಾಗಿ ಹೊರಗೆ ಬಂತು. ಯಾವ ವಯಸ್ಸಿಗೆ ಯಾವ ಪರೀಕ್ಷೆ, ಯಾವ ವಯಸ್ಸಿಗೆ ಯಾವ ದೇಶ, ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಬರೆದಿತ್ತು. “ನಿಮ್ಮ ಮಗಳು ಇನ್ನು ಮೇಲೆ ಕೂಡ್ಲಿಗಿ ಮಕ್ಕಳ ಜೊತೆ ಓಡ್ತಿಲ್ಲ ಸರ್, ಜಗತ್ತಿನ ಮಕ್ಕಳ ಜೊತೆ ಓಡ್ತಿದ್ದಾಳೆ” ಎಂದ. ಸಂತೆಯಲ್ಲಿ ಟಗರಿನ ಬಾಯಿ ಬಿಡಿಸಿ, ಹಲ್ಲು ನೋಡದೆ ಒಂದು ಮಾತೂ ಆಡದ ಬೀರಲಿಂಗೇಶ, ಅವತ್ತು ನಾರ್ವೆ ಎಲ್ಲಿದೆ ಎಂದೂ ಕೇಳದೆ ತಲೆಯಾಡಿಸಿದ.

ಅವನ ಹೆಂಡತಿ ಭೂಮಿಕಾ ಕೂಡ ಕೇಳಲಿಲ್ಲ. ತಂಬ್ರಹಳ್ಳಿಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಹತ್ತನೆಯ ತರಗತಿ ಮುಗಿಸಿದ್ದೇ ಮದುವೆಯಾಗಿ ಬಂದವಳು ಅವಳು. ಏನಾಗುತ್ತೀ ಎಂದು ಅವಳನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ತನ್ನ ಮಗಳ ಮುಂದೆ ಒಬ್ಬ ಟೈ ಕಟ್ಟಿದವನು ಬಗ್ಗಿ ನಿಂತು ಆ ಪ್ರಶ್ನೆ ಕೇಳಿದ್ದನ್ನು ನೋಡಿಯೇ ಅವಳ ಕಣ್ಣು ತುಂಬಿತ್ತು.

ಪಾಠವೆಲ್ಲ ಆ ಹುಡುಗನ ಕಂಪನಿ ಕೊಟ್ಟ ಟ್ಯಾಬ್‌ನಲ್ಲಿ. ದಿನಾ ನಾಲ್ಕು ಗಂಟೆಗೆ ಟಿಂಗ್ ಎಂದು ಸದ್ದಾದರೆ ಕ್ರಾಂತಿ ಕಿವಿಗೆ ಹೆಡ್‌ಫೋನ್ ಏರಿಸಿ ಕೂರುತ್ತಿದ್ದಳು. ಪಾಠ ಹೇಳುವ ಮಿಸ್ ಮನುಷ್ಯಳಲ್ಲ, ಬರೀ ದನಿ. ತೆರೆಯ ಮೇಲೆ ಎತ್ತರದ ಮೆಟ್ಟಿಲುಗಳು, ಅವನ್ನು ಹತ್ತುವ ನೀಲಿ ಲಂಗದ ಒಂದು ಹುಡುಗಿ ಗೊಂಬೆ. ಒಂದು ಪಾಠ ಮುಗಿದರೆ ಗೊಂಬೆ ಒಂದು ಮೆಟ್ಟಿಲು ಮೇಲೆ. ಕ್ರಾಂತಿ ಎಡಚಿ. ಎಡಗೈಯಲ್ಲೇ ಬರೆಯುತ್ತಿದ್ದಳು, ತಂಬ್ರಹಳ್ಳಿಯ ಅಜ್ಜಿ ಎಷ್ಟು ಬೈದರೂ ಎಡಗೈಯಲ್ಲೇ ತಿನ್ನುತ್ತಿದ್ದಳು. ರೊಟ್ಟಿ ಕಂಡರೆ ಮುಖ ಸಿಂಡರಿಸುತ್ತಿದ್ದಳು. ಓದಲು ಕೂತರೆ ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿತ್ತು. ತಾಯಿಯನ್ನು ಮಮ್ಮಿ ಎನ್ನುತ್ತಿದ್ದಳು.

ಕಿರಿಯವಳು ಸಿಂಚನಾ ಅವ್ವ ಎನ್ನುತ್ತಿದ್ದಳು, ಬಲಗೈಯಲ್ಲಿ ರೊಟ್ಟಿ ಮುರಿದು ಬಾಯಿತುಂಬ ತಿನ್ನುತ್ತಿದ್ದಳು. ಅವಳಿಗೆ ಗುರಿಗಿರಿ ಯಾವುದೂ ಇರಲಿಲ್ಲ, ಪ್ರಶ್ನೆಗಳಿದ್ದವು. ಅಪ್ಪನ ಗಾಡಿಯಲ್ಲಿ ತುಂಬಿದ ಕುರಿಗಳ ಬಾಯಿಗೆ ಕೈ ಹಾಕಿ, “ಅವ್ವಾ, ಕುರಿಗೆ ಮ್ಯಾಲ ಮುಂದಿನ ಹಲ್ಲು ಯಾಕಿಲ್ಲ? ಬಿದ್ದವೇನು? ಹುಟ್ಟಲೇ ಇಲ್ಲೇನು?” ಎಂದು ಜೀವ ತಿನ್ನುತ್ತಿದ್ದಳು. “ಸುಮ್ಕಿರು ಮಾರಾಯ್ತಿ, ಅಕ್ಕ ಓದಾಕ ಹತ್ಯಾಳ” ಎಂದು ಭೂಮಿಕಾ ಅವಳನ್ನು ಹೊರಗೆ ಅಟ್ಟುತ್ತಿದ್ದಳು.

ಕ್ರಾಂತಿ ಜ್ವರದಲ್ಲಿ ಹೋದಳು. ಒಂದು ವಾರದಲ್ಲೇ ಎಲ್ಲ ಮುಗಿಯಿತು. ದೊಡ್ಡಾಸ್ಪತ್ರೆಗೆ ಒಯ್ಯುವಾಗ ಗಾಡಿಯ ಹಿಂಬದಿಯಲ್ಲಿ ತಾಯಿಯ ತೊಡೆಯ ಮೇಲೆ ಮಲಗಿದ್ದವಳು ಕಣ್ಣು ತೆರೆದು, “ಮಮ್ಮಿ, ಕಿವಿಯೊಳಗ ನೀರಿನ ಸದ್ದು ಬರ್ತೈತಿ” ಅಂದಳು. ಆಮೇಲೆ ಮಾತಾಡಲಿಲ್ಲ. ಗಾಡಿ ಓಡಿಸುತ್ತಿದ್ದ ಬೀರಲಿಂಗೇಶನಿಗೆ ಅದು ಕೇಳಿಸಿರಲಿಲ್ಲ, ಸಿಂಚನಾಳನ್ನು ಎದುರು ಮನೆಯಲ್ಲಿ ಬಿಟ್ಟು ಬಂದಿದ್ದರು. ಭೂಮಿಕಾ ಆ ಮಾತನ್ನು ಗಂಡನಿಗೂ ಹೇಳಲಿಲ್ಲ, ಹೆತ್ತವರಿಗೂ ಹೇಳಲಿಲ್ಲ. ಅದು ತನಗೊಬ್ಬಳಿಗೇ ಉಳಿದ ಆಸ್ತಿ ಎಂಬಂತೆ ಒಳಗೇ ಇಟ್ಟುಕೊಂಡಳು.

ಮಣ್ಣು ಮಾಡಿ ಬಂದ ಮರುದಿನ ನಾಲ್ಕು ಗಂಟೆಗೆ ಟ್ಯಾಬ್ ಟಿಂಗ್ ಎಂದಿತು. ಪೋಷಕರಿಗೆ ಅನುಕೂಲವಾಗಲೆಂದು ಅದರ ಸಂದೇಶಗಳು ಕನ್ನಡದಲ್ಲೇ ಬರುತ್ತಿದ್ದವು. ‘ಕ್ರಾಂತಿ, ಇವತ್ತು ನೀನು ಬರಲಿಲ್ಲ.’ ಅದರ ಮರುದಿನ, ‘ಕ್ರಾಂತಿ, ನೀನಿಲ್ಲದೆ ಬೇಜಾರಾಗುತ್ತಿದೆ.’ ಆಮೇಲೆ ದಿನವೂ ಒಂದೇ, ‘ಕ್ರಾಂತಿ, ನಿನ್ನ ಗುರಿಗಳು ಕಾಯುತ್ತಿವೆ.’ ಊರವರು, ನೆಂಟರು ಬಂದು ಅತ್ತು ಹೋಗಿ, ಆಮೇಲೆ ಮಗುವಿನ ಹೆಸರು ಎತ್ತುವುದನ್ನೇ ಬಿಟ್ಟರು. ಇಡೀ ಜಗತ್ತಿನಲ್ಲಿ ಕ್ರಾಂತಿಯನ್ನು ಹೆಸರಿಟ್ಟು ಕರೆಯುತ್ತಿದ್ದುದು ಆ ಟ್ಯಾಬ್ ಒಂದೇ. ಭೂಮಿಕಾ ಒಮ್ಮೆ ತೆರೆದು ನೋಡಿದಳು. ನೀಲಿ ಲಂಗದ ಗೊಂಬೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಿತ್ತು. ಗಲ್ಲಕ್ಕೆ ಕೈಯಿಟ್ಟು ಈಚೆಗೇ ನೋಡುತ್ತಿತ್ತು.

ಆ ನೋಟ ಅವಳಿಗೆ ತಡೆಯಲಾಗಲಿಲ್ಲ. ಅಕ್ಕನ ಜಾಗಕ್ಕೆ ಸಿಂಚನಾಳನ್ನು ಸೇರಿಸಬಹುದೇ ಎಂದು ಕಂಪನಿಗೆ ಫೋನು ಮಾಡಿದರೆ, ಹೊಸ ಮಗುವಿಗೆ ಹೊಸ ಗುರಿ, ಮೊದಲ ಮೆಟ್ಟಿಲಿನಿಂದ ಶುರು ಮಾಡಬೇಕು, ಹಳೆಯದು ಅಳಿಸಿಹೋಗುತ್ತದೆ ಎಂದರು. ಬೀರಲಿಂಗೇಶ ತಲೆ ಕೆರೆದುಕೊಂಡ. “ಏ ಭೂಮಿ, ಅಷ್ಟು ಮ್ಯಾಲ ಹತ್ತೈತಿ ಅದು. ಅಳಿಸಿ ಏನ್ ಮಾಡೋದು? ಸಿಂಚುನ್ನ ಕೂಡ್ರಿಸಿಬಿಡು. ಅಲ್ಲಿಂದ ಮುಂದಕ್ಕ ಹೋಗ್ಲಿ” ಅಂದ. ಅವನ ಮಾತಿನಲ್ಲಿ ವ್ಯಾಪಾರವಿರಲಿಲ್ಲ, ಅವನ ಕಣ್ಣೂ ಒದ್ದೆಯಾಗಿತ್ತು. ಮಗಳು ಹತ್ತಿದ ಮೆಟ್ಟಿಲನ್ನು ಕೆಡವುವುದು ಅವನಿಗೂ ಬೇಡವಾಗಿತ್ತು.

ಹೀಗೆ ಸಿಂಚನಾ ಅಕ್ಕನ ಕುರ್ಚಿಯಲ್ಲಿ ಕೂತಳು. ಏಳು ವರ್ಷದ ಮಗುವಿಗೆ ಹೆಡ್‌ಫೋನ್ ದೊಡ್ಡದಾಯಿತು. ಅದರ ಸಂದಿಯಲ್ಲಿ ಕ್ರಾಂತಿಯ ಉದ್ದ ಕೂದಲೊಂದು ಸಿಕ್ಕಿಕೊಂಡಿತ್ತು. ಭೂಮಿಕಾ ಅದನ್ನು ತೆಗೆಯಲಿಲ್ಲ. ಅಕ್ಕನ ನೀಲಿ ಸ್ವೆಟರನ್ನೂ ತಂದು ಹಾಕಿದಳು, ಕಿಟಕಿಯಿಂದ ಗಾಳಿ ಬರುತ್ತದೆ ಎಂದು.

“ಬಾ ಕ್ರಾಂತಿ, ಸ್ವಾಗತ” ಅಂದಿತು ದನಿ.

“ನಾ ಕ್ರಾಂತಿ ಅಲ್ಲ, ಸಿಂಚನಾ” ಅಂದಿತು ಮಗು.

“ಒಳ್ಳೇ ತಮಾಷೆ, ಕ್ರಾಂತಿ! ಈಗ ಪಾಠ ಶುರು ಮಾಡೋಣ.”

ಮಗು ತಿರುಗಿ ತಾಯಿಯನ್ನು ನೋಡಿತು. “ಇರ್ಲಿ, ಹೂಂ ಅನ್ನು” ಅಂದಳು ಭೂಮಿಕಾ. ಸಿಂಚನಾ ಹೂಂ ಅಂದಳು. ತೆರೆಯ ಮೇಲೆ ಗೊಂಬೆ ಎದ್ದು ನಿಂತಿತು.

ಮೊದಮೊದಲು ಅವಳಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅಳುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಆಮೇಲೆ ಅಳು ನಿಂತಿತು. ಒಂದು ಮಧ್ಯಾಹ್ನ ಭೂಮಿಕಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವಳು ಬಾಗಿಲಲ್ಲೇ ನಿಂತಳು. ಮಗು ತಿಮಿಂಗಿಲದ ಚಿತ್ರದ ಕೆಳಗೆ ಏನೋ ಬರೆಯುತ್ತಿತ್ತು, ಎಡಗೈಯಲ್ಲಿ. ಅಕ್ಷರಗಳು ಬಲಕ್ಕೆ ವಾಲಿದ್ದವು. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿತ್ತು.

“ಸಿಂಚೂ” ಅಂದಳು. ಮಗು ತಿರುಗಲಿಲ್ಲ.

ಇನ್ನೊಂದು ಹೆಸರನ್ನು ಆಕೆ ಕರೆಯಲಿಲ್ಲ. ಕರೆದರೆ ತಿರುಗುತ್ತದೆ ಎಂದು ಅವಳಿಗೆ ಗೊತ್ತಾಗಿಹೋಗಿತ್ತು.

ಮಗು ರೊಟ್ಟಿ ಬಿಟ್ಟಿತು. ಬ್ರೆಡ್ ಬೇಕು ಎಂದಿತು. ಓಣಿಯಲ್ಲಿ ಕುರಿ ಗಾಡಿ ಬಂದು ನಿಂತರೆ ಓಡಿಹೋಗುತ್ತಿದ್ದವಳು ಈಗ ಮೂಗು ಮುಚ್ಚಿಕೊಂಡು ಒಳಗೆ ಬಂದಳು. ಪ್ರಶ್ನೆಗಳು ನಿಂತೇ ಹೋದವು. ಒಂದು ದಿನ ಶಾಲೆಯ ಸುಕನ್ಯಾ ಟೀಚರ್ ಬಜಾರಿನಲ್ಲಿ ಭೂಮಿಕಾಳನ್ನು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು: “ಹಾಜರಿ ಕರಿಯುವಾಗ ಸಿಂಚನಾ ಅಂದ್ರ ನಿಮ್ಮ ಹುಡುಗಿ ಎಸ್ ಮಿಸ್ ಅನ್ನೋದಿಲ್ರಿ. ಆ ಹೆಸರಿನೋಳು ಯಾರು ಅಂತ ಹಿಂದ ಮುಂದ ನೋಡ್ತಾಳ. ನನಗ್ಯಾಕೋ ಮೈ ಜುಂ ಅಂತೈತಿ. ಒಂದೀಟು ನೋಡ್ಕೊಳ್ರಿ.” ಭೂಮಿಕಾ ನಕ್ಕು, ಕಿವಿಯಲ್ಲಿ ಗುಗ್ಗೆ ಇರಬೇಕು, ತೋರಿಸುತ್ತೇನೆ ಎಂದಳು.

ಅವತ್ತು ಸಂಜೆಯ ಪಾಠದ ನಡುವೆ ಮಗು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಿತು. ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಎದುರು ಮನೆಯಲ್ಲಿ ಮಿಕ್ಸರ್ ಗರಗರ ಎನ್ನುತ್ತಿತ್ತು. ಮಗು ತಲೆ ಎತ್ತಿ, “ಮಮ್ಮಿ, ಕಿವಿಯೊಳಗ ನೀರಿನ ಸದ್ದು ಬರ್ತೈತಿ” ಅಂದಿತು.

ಭೂಮಿಕಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಹೆದರಬೇಕಿತ್ತು, ಯಾರಾದರೂ ಹೆದರುತ್ತಿದ್ದರು. ನಿಜ ಹೇಳಬೇಕೆಂದರೆ ಅವಳಿಗೆ ಸಂತೋಷವಾಯಿತು. ಓಡಿಹೋಗಿ ಮಗುವನ್ನು ಅಪ್ಪಿಕೊಂಡು, ಆ ನೀಲಿ ಸ್ವೆಟರಿನಲ್ಲಿ ಮುಖ ಹುದುಗಿಸಿ, ಎಷ್ಟೋ ತಿಂಗಳ ಮೇಲೆ ಬಾಯಿತುಂಬ ನಕ್ಕಳು. ಎರಡು ಮಕ್ಕಳಲ್ಲಿ ಒಂದು ತಿರುಗಿ ಬಂದರೆ ಇನ್ನೊಂದು ಎಲ್ಲಿ ಹೋಯಿತು ಎಂಬ ಲೆಕ್ಕ ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಹೊಳೆದದ್ದು ತಂಬ್ರಹಳ್ಳಿಯಲ್ಲಿ.

ಬಹಳ ದಿನವಾಯಿತು, ಮಗುವನ್ನು ಕರೆದುಕೊಂಡು ಬಾ ಎಂದು ತಾಯಿ ಭರಮಮ್ಮ ಫೋನಿನಲ್ಲಿ ಹಟ ಹಿಡಿದಿದ್ದಳು. ಒಂದು ಭಾನುವಾರ ಭೂಮಿಕಾ ಹಗರಿಬೊಮ್ಮನಹಳ್ಳಿಗೆ ಬಂದು, ಬಸ್ಸು ಬದಲಿಸಿ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ತವರಿಗೆ ಮುಟ್ಟಿದಳು. ಟ್ಯಾಬ್ ಚೀಲದಲ್ಲೇ ಇತ್ತು. ಪಾಠ ತಪ್ಪುವಂತಿರಲಿಲ್ಲ.

ಮನೆಯ ಹಿಂದೆ ಕುರಿ ರೊಪ್ಪ, ಮುಳ್ಳಿನ ಬೇಲಿ ಕಟ್ಟಿದ ದೊಡ್ಡ ದೊಡ್ಡಿ. ಅದರ ಬಾಯಲ್ಲಿ ಮಲಗಿದ್ದ ಕರಿನಾಯಿ ದೂರದಿಂದಲೇ ಮಗುವನ್ನು ಕಂಡು ಬಾಲ ಬಡಿಯುತ್ತ ಎದ್ದಿತು. ಸಿಂಚನಾ ಎಂದರೆ ಅದಕ್ಕೆ ಪ್ರಾಣ. ಅವಳು ಅದರ ಕಿವಿ ಹಿಡಿದು ಎಳೆದಾಡಿದರೂ ಸುಮ್ಮನಿರುತ್ತಿತ್ತು. ಓಡೋಡಿ ಬಂದದ್ದು ಮಗುವಿನ ಕಾಲ ಹತ್ತಿರ ಮೂಸಿ ಗಕ್ಕನೆ ನಿಂತಿತು. ಬೆನ್ನಿನ ಕೂದಲೆಲ್ಲ ಎದ್ದವು. ಬೊಗಳಲಿಲ್ಲ, ಗುರ್ರೆನ್ನಲೂ ಇಲ್ಲ. ಕುಂಯ್ ಎಂದು ಹೊಟ್ಟೆ ನೆಲಕ್ಕೆ ಹತ್ತಿಸಿಕೊಂಡು ಹಿಂದೆ ಹಿಂದೆ ಸರಿಯುತ್ತ ಬೇಲಿಯ ಸಂದಿಗೆ ಸೇರಿತು.

“ಇದಕ್ಕೇನಾತು, ಗುರುತು ಮರ್ತೈತೇನು?” ಅಂದಳು ಭರಮಮ್ಮ. ಆಮೇಲೆ ಮೊಮ್ಮಗಳ ಗಲ್ಲ ಹಿಡಿದು ಮುಖ ಎತ್ತಿ, ಬಹಳ ಹೊತ್ತು ನೋಡಿದಳು. ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟಳು. ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ರೊಪ್ಪದಲ್ಲಿ ಭೂಮಿಕಾಳ ತಂದೆ ದೊಡ್ಡಬೀರಪ್ಪ ಒಂದು ಕುರಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದ. ಕುರಿಯ ಮೊಲೆಗೆ ಬಾಯಿ ಹಾಕಿದ್ದ ಮರಿ ನೋಡಲು ವಿಕಾರವಾಗಿತ್ತು. ಬಿಳಿ ಮರಿ, ಆದರೆ ಬೆನ್ನು ಹೊಟ್ಟೆಯೆಲ್ಲ ಕಪ್ಪು. ಆ ಕಪ್ಪು ಅದರದ್ದಲ್ಲ. ಇನ್ನೊಂದು ಮರಿಯ ತೊಗಲು. ಒಣಗಿ, ಮುದುಡಿ, ಕೊರಳಿನ ಹತ್ತಿರ ಮತ್ತು ಹೊಟ್ಟೆಯ ಕೆಳಗೆ ಹುರಿಯಿಂದ ಬಿಗಿದಿತ್ತು.

ಭೂಮಿಕಾಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆ ರೊಪ್ಪದಲ್ಲೇ ಬೆಳೆದವಳು. ಕುರಿಯ ಮರಿ ಸತ್ತರೆ, ತಾಯಿ ಸತ್ತ ಇನ್ನೊಂದು ತಬ್ಬಲಿ ಮರಿಯನ್ನು ಅದಕ್ಕೆ ಹಚ್ಚುತ್ತಾರೆ. ಸುಮ್ಮನೆ ಬಿಟ್ಟರೆ ಕುರಿ ಹತ್ತಿರ ಸೇರಿಸುವುದಿಲ್ಲ, ಮೂಸಿ ನೋಡಿ ಗುದ್ದಿ ಬೀಳಿಸುತ್ತದೆ. ಅದಕ್ಕೇ ಸತ್ತ ಮರಿಯ ತೊಗಲು ಬಿಡಿಸಿ ತಬ್ಬಲಿಗೆ ಹೊದಿಸುತ್ತಾರೆ. ಕುರಿ ಮೂಸುತ್ತದೆ. ತನ್ನದೇ ವಾಸನೆ. ಸತ್ತದ್ದು ಎದ್ದು ಬಂತು ಎಂದುಕೊಂಡು ಹಾಲು ಬಿಡುತ್ತದೆ. ಚಿಕ್ಕವಳಿದ್ದಾಗ ಎಷ್ಟೋ ಮರಿಗಳಿಗೆ ಭೂಮಿಕಾಳೇ ಹುರಿ ಕಟ್ಟಿದ್ದಳು.

ಇವತ್ತು ಮಾತ್ರ ಅವಳು ರೊಪ್ಪದ ಬಾಯಲ್ಲಿ ನಿಂತವಳು ಕಾಲು ಕೀಳಲಿಲ್ಲ. ಅವಳ ಪಕ್ಕದಲ್ಲಿ ನೀಲಿ ಸ್ವೆಟರು ಹಾಕಿದ ಮಗು ಮೂಗು ಮುಚ್ಚಿಕೊಂಡು ನಿಂತಿತ್ತು. ಉರಿಬಿಸಿಲು. ಆ ಬಿಸಿಲಲ್ಲಿ ಮಗುವಿನ ಮೈ ಮೇಲೆ ಆ ಸ್ವೆಟರು ಯಾಕಿದೆ ಎಂದು ಈಗ ಅವಳಿಗೆ ಕಂಡಿತು. ಗೊಂಬೆ, ಹೆಡ್‌ಫೋನಿನ ಕೂದಲು, ಹೂಂ ಅನ್ನು ಎಂದು ತಾನೇ ಹೇಳಿದ್ದು, ಎಲ್ಲ ಕಂಡಿತು. ತನ್ನ ಬೆರಳುಗಳತ್ತ ನೋಡಿದಳು. ಹುರಿ ಕಟ್ಟಿದ ಬೆರಳುಗಳು ಇವೇ ಅಲ್ಲವೇ?

“ಬಾರವ್ವ, ಬಂದಿ ಚಲೋ ಆತು. ಈ ಮರಿನ್ನ ಒಂದೀಟು ಹಿಡಿ. ಕಣ್ಣು ಸರಿಯಾಗಿ ಕಾಣವಲ್ದು” ಎಂದು ದೊಡ್ಡಬೀರಪ್ಪ ಕತ್ತರಿ ಎತ್ತಿಕೊಂಡ. “ಮೊನ್ನೇನ ಬಿಚ್ಚಬೇಕಿತ್ತು. ಇನ್ನ ಬಿಟ್ರ ಹುಳ ಬೀಳ್ತಾವ. ಮರಿ ಸೊರಗಾಕ ಹತ್ತೈತಿ.”

“ಬಿಚ್ಚಿದ್ರ ಕುರಿ ಗುದ್ದೋದಿಲ್ಲೇನಪ್ಪ?” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

“ಗುದ್ದತೈತಿ. ಗೊತ್ತಿಲ್ಲೇನು ನಿನಗ? ಒಂದ್ಸಲ ಗುದ್ದಲಿ. ಅದರ ಹಾಲು ಇದರ ಹೊಟ್ಟಿಯೊಳಗ ಹೋಗೈತೆಲ್ಲ, ಈಗ ಇದರ ಮೈಗೂ ಅದರದ ವಾಸನಿ.”

ಭೂಮಿಕಾ ಕೂತು ಮರಿಯನ್ನು ತೊಡೆಯ ನಡುವೆ ಹಿಡಿದಳು. ತೊಗಲಿನ ಕೆಳಗೆ ಅದರ ಪಕ್ಕೆಲುಬುಗಳು ಕೈಗೆ ಸಿಕ್ಕವು. ದೊಡ್ಡಬೀರಪ್ಪ ಮೊದಲ ಹುರಿಗೆ ಕತ್ತರಿ ಹಾಕಿದ.

“ಮಮ್ಮಿ, ತಗೀಬ್ಯಾಡ” ಅಂದಿತು ಮಗು ಹಿಂದಿನಿಂದ. “ಅದಕ್ಕ ಚಳಿ ಆಗ್ತೈತಿ.”

ದೊಡ್ಡಬೀರಪ್ಪನ ಕೈ ನಿಂತಿತು. ಮಂಜಾದ ಕಣ್ಣೆತ್ತಿ, ದನಿ ಬಂದ ಕಡೆ ನೋಡಿದ. “ಯಾರದು ಮಾತಾಡಿದ್ದು?” ಎಂದ. ಭೂಮಿಕಾ ಮರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. “ನಾ ಬ್ಯಾರೆ ಯಾರೋ ಅನ್ಕೊಂಡೆ” ಎಂದು ಗೊಣಗಿ ಇನ್ನೊಂದು ಹುರಿಯನ್ನೂ ಕತ್ತರಿಸಿದ. ತೊಗಲು ಸರಕ್ಕನೆ ಜಾರಿ ಬಿತ್ತು. ಕೆಟ್ಟ ವಾಸನೆ ಎದ್ದಿತು. ಅದರಡಿಯಲ್ಲಿ ಮರಿಯ ಬಿಳಿ ತುಪ್ಪಟ ಬೆವರಿ ಮೈಗೆ ಅಂಟಿಕೊಂಡಿತ್ತು.

ಬಿಟ್ಟ ಕೂಡಲೇ ಮರಿ ಮೊಲೆಗೆ ಓಡಿತು. ಕುರಿ ತಿರುಗಿ ಮೂಸಿ, ತಲೆ ತಗ್ಗಿಸಿ ಗುದ್ದಿತು. ಮರಿ ಮಣ್ಣಿನಲ್ಲಿ ಉರುಳಿ ಎದ್ದು ಮತ್ತೆ ಬಂತು. ಕುರಿ ಮತ್ತೆ ಮೂಸಿತು. ಈ ಸಲ ಬಹಳ ಹೊತ್ತು. ಕುರಿ ಅತ್ತ ಮುಖ ತಿರುಗಿಸಿ ಸುಮ್ಮನೆ ನಿಂತಿತು. ಮರಿಯ ಬಾಲ ಪಟಪಟ ಆಡಿತು.

ಅಷ್ಟರಲ್ಲಿ ಚೀಲದಲ್ಲಿದ್ದ ಟ್ಯಾಬ್ ಟಿಂಗ್ ಎಂದಿತು.

ಭೂಮಿಕಾ ಮಗುವಿನ ಕೈ ಹಿಡಿದು ಮನೆಯ ಮುಂದಿನ ಬೇವಿನ ಮರದ ಕಟ್ಟೆಗೆ ಬಂದಳು. ಟ್ಯಾಬ್ ತೆರೆದಳು. ‘ಕ್ರಾಂತಿ, ನಿನ್ನ ಗುರಿಗಳು ಕಾಯುತ್ತಿವೆ.’ ಮಗು ಹೆಡ್‌ಫೋನಿಗೆ ಎಡಗೈ ಚಾಚಿತು. ಭೂಮಿಕಾ ಕೊಡಲಿಲ್ಲ. ಖಾತೆಯನ್ನು ಅಳಿಸುವ ಜಾಗವನ್ನು ಹುಡುಕಿದಳು. ಅವಳಿಗೆ ಅದು ಎಲ್ಲಿದೆ ಎಂದು ಗೊತ್ತಿತ್ತು. ಎಷ್ಟೋ ಸಲ ಅಲ್ಲಿಯ ತನಕ ಹೋಗಿ ಹಿಂದೆ ಬಂದಿದ್ದಳು.

‘ಗುರಿ ಬಿಟ್ಟುಬಿಡಲು ಕಾರಣ ತಿಳಿಸಿ’ ಎಂದು ಅದು ಕೇಳಿತು. ಕೆಳಗೆ ಸಾಲಾಗಿ ಕಾರಣಗಳಿದ್ದವು. ಸಮಯ ಸಿಗುತ್ತಿಲ್ಲ. ಪಾಠ ಕಠಿಣವಾಗಿದೆ. ಮಗುವಿಗೆ ಆಸಕ್ತಿ ಇಲ್ಲ. ಮಗು ತೀರಿಕೊಂಡಿದೆ ಎಂಬುದು ಅದರಲ್ಲಿ ಇರಲಿಲ್ಲ. ಜಗತ್ತಿನ ಎಲ್ಲ ಮಕ್ಕಳ ಮುಂದಿನ ದಿನಗಳನ್ನು ಬಲ್ಲವರಿಗೆ ಇದೊಂದು ಹೊಳೆದಿರಲಿಲ್ಲ. ಭೂಮಿಕಾ ‘ಇತರೆ’ ಎಂಬುದನ್ನು ಒತ್ತಿದಳು.

‘ಕ್ರಾಂತಿ ಹತ್ತಿದ ಮೆಟ್ಟಿಲುಗಳೆಲ್ಲ ಅಳಿಸಿಹೋಗುತ್ತವೆ. ಮತ್ತೆ ಸಿಗುವುದಿಲ್ಲ. ಖಚಿತವೇ?’

“ಮಮ್ಮಿ” ಅಂದಿತು ಮಗು.

ಭೂಮಿಕಾ ತಲೆ ಎತ್ತಲಿಲ್ಲ. ಅದು ಕ್ರಾಂತಿಯ ದನಿ. ಅನುಮಾನವೇ ಬೇಡ. ಹೆತ್ತವಳ ಕಿವಿಗೆ ಮೋಸವಾಗುವುದಿಲ್ಲ. ಜ್ವರ ಬಂದ ಮೊದಲ ದಿನ, ಶಾಲೆಗೆ ಹೋಗುವುದಿಲ್ಲ ಎಂದು ಗೋಗರೆದ ದನಿ.

“ಮಮ್ಮಿ, ಬ್ಯಾಡ. ನಾ ಎಲ್ಲಾ ಓದ್ತೀನಿ. ಮಮ್ಮಿ, ನಾ ಎಲ್ಲಿಗೆ ಹೋಗ್ಲಿ?”

ಬೇವಿನ ಎಲೆ ಅಲುಗಲಿಲ್ಲ. ರೊಪ್ಪದಲ್ಲಿ ಕುರಿಗಳ ಸದ್ದು ಕೂಡ ನಿಂತಂತಿತ್ತು. ಒಂದು ಮಾತು, ಆಯ್ತು ಕಣವ್ವ ಎಂಬ ಒಂದೇ ಮಾತು ಹೇಳಿದರೆ ಸಾಕು, ಕ್ರಾಂತಿ ಇಲ್ಲೇ ಇರುತ್ತಾಳೆ. ಬೆಳೆಯುತ್ತಾಳೆ. ಮೆಟ್ಟಿಲು ಹತ್ತುತ್ತಾಳೆ. ನಾರ್ವೆಗೂ ಹೋಗುತ್ತಾಳೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಗುವಿನ ಮಣಿಕಟ್ಟು ಅವಳ ಕೈಯಲ್ಲಿತ್ತು. ತೆಳ್ಳಗಾಗಿಹೋಗಿದ್ದ ಮಣಿಕಟ್ಟು. ಮೂಳೆ ಕೈಗೆ ಹತ್ತುತ್ತಿತ್ತು, ಮರಿಯ ಪಕ್ಕೆಲುಬು ಹತ್ತಿದ ಹಾಗೆ.

“ಸಮುದ್ರಕ್ಕ ಹೋಗವ್ವ” ಅಂದಳು ಭೂಮಿಕಾ. “ನೀ ನೋಡಬೇಕಂದಿದ್ದೆಲ್ಲ, ಅಲ್ಲಿಗೆ ಹೋಗು. ಓದಾಕಲ್ಲ. ಸುಮ್ನ ನೋಡಾಕ.”

ಒತ್ತಿದಳು.

ಮೆಟ್ಟಿಲುಗಳು ಕೆಳಗಿನಿಂದ ಒಂದೊಂದೇ ಮಾಯವಾದವು. ಗೊಂಬೆ ಈಚೆ ತಿರುಗಿ ಕೈ ಬೀಸಿತು. ಬಿಟ್ಟುಹೋಗುವ ಎಲ್ಲ ಮಕ್ಕಳಿಗೂ ಅದು ಹಾಗೆಯೇ ಬೀಸುತ್ತದೋ ಏನೋ. ಅದು ಬೀಸಿದ್ದು ಎಡಗೈಯನ್ನು. ಆಮೇಲೆ ತೆರೆ ಬೆಳ್ಳಗಾಯಿತು, ಆ ಬಿಳುಪಿನಲ್ಲಿ ಬೇವಿನ ನೆರಳು ಮಾತ್ರ ಉಳಿಯಿತು.

ಮಗು ಬಂದು ತಾಯಿಯ ಕೊರಳಿಗೆ ಬಿತ್ತು. ಭೂಮಿಕಾ ಅದರ ನೆತ್ತಿಯನ್ನು ಮೂಸಿದಳು. ಬರೀ ಬೆವರು, ಧೂಳು, ಬಸ್ಸಿನ ವಾಸನೆ. ಕ್ರಾಂತಿ ಅಲ್ಲ. ಅವಳ ಎರಡೂ ಕೈಗಳು ಮಗುವನ್ನು ಜೋರಾಗಿ ತಳ್ಳಿದವು. ಅವಳು ತಳ್ಳಬೇಕೆಂದು ತಳ್ಳಿದ್ದಲ್ಲ. ಕಟ್ಟೆಯಿಂದ ಕೆಳಗೆ ಬಿದ್ದ ಮಗುವಿನ ಮೊಣಕಾಲು ತರಚಿತು. ಕೂತಲ್ಲೇ ಭೂಮಿಕಾ ತನ್ನ ಕೈಗಳನ್ನು ನೋಡಿಕೊಂಡಳು. ಇಷ್ಟು ದಿನ ತಾನು ಅಪ್ಪಿಕೊಂಡದ್ದು ಯಾರನ್ನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮಗು ಎದ್ದಿತು. ಸ್ವೆಟರಿನ ಧೂಳು ಕೊಡವಿಕೊಂಡು, ಬಿಕ್ಕುತ್ತ ಮತ್ತೆ ಬಂದು ನಿಂತಿತು.

“ನಾ ಅಕ್ಕ ಆದ್ರ ಅಷ್ಟ ನೀ ನಗ್ತಿದ್ದಿ” ಅಂದಿತು. “ಅದಕ್ಕ ನಾ ಅಕ್ಕ ಆಗಿದ್ದೆ ಅವ್ವಾ.”

ಅವ್ವಾ. ಎಷ್ಟು ದಿನವಾಗಿತ್ತು ಆ ಕರೆ ಕೇಳಿ. ಭೂಮಿಕಾ ಕೆಳಗೆ ಕುಸಿದು ಕೂತು ಸ್ವೆಟರನ್ನು ತಲೆಯ ಮೇಲಿನಿಂದ ಎಳೆದು ತೆಗೆದಳು. ಒಳಗಿನ ಅಂಗಿ ಬೆವರಿ ಮೈಗೆ ಅಂಟಿಕೊಂಡಿತ್ತು. “ತಪ್ಪಾತು ಸಿಂಚು, ನಂದ ತಪ್ಪಾತು” ಎನ್ನುತ್ತ ಮಗುವನ್ನು ಹತ್ತಿರ ಎಳೆದುಕೊಂಡಳು. ಮೈ ಇನ್ನೂ ಒಪ್ಪಿರಲಿಲ್ಲ, ಆದರೂ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕೇಳಬಾರದು ಎಂದುಕೊಂಡೇ ಕೇಳಿದಳು: “ಎಲ್ಲಾ ಆಟ ಆಡಿದ್ಯಾ? ಮತ್ತ ಕಿವಿಯೊಳಗ ನೀರಿನ ಸದ್ದು ಅಂದ್ಯಲ್ಲ, ಅದನ್ನ ಯಾರು ಹೇಳಿಕೊಟ್ರು?”

ಸಿಂಚನಾ ಕಣ್ಣೊರೆಸಿಕೊಂಡು ತಾಯಿಯನ್ನು ನೋಡಿದಳು.

“ಯಾವ ನೀರು ಅವ್ವಾ? ನಾ ಯಾವಾಗ ಅಂದೆ?”

ಭೂಮಿಕಾ ಮಗುವಿನ ಮೊಣಕಾಲಿಗೆ ಹತ್ತಿದ ಮಣ್ಣನ್ನು ಸೆರಗಿನಿಂದ ಒರೆಸಿದಳು.

ಭರಮಮ್ಮ ಹೊರಗೆ ಬಂದಳು. ಕಟ್ಟೆಯ ಮೇಲೆ ಬಿದ್ದಿದ್ದ ಸ್ವೆಟರು, ಮಗಳ ಮುಖ, ಮೊಮ್ಮಗಳ ಮೊಣಕಾಲು ಎಲ್ಲವನ್ನೂ ನೋಡಿದಳು. ಯಾವುದನ್ನೂ ಕೇಳದೆ ಒಳಗೆ ಹೋಗಿ ಗಂಗಾಳದಲ್ಲಿ ಬಿಸಿ ರೊಟ್ಟಿ, ಕೆಂಪು ಚಟ್ನಿ, ಬೆಣ್ಣೆ ಇಟ್ಟುಕೊಂಡು ಬಂದು ಮಗುವಿನ ಮುಂದೆ ಇಟ್ಟಳು. ಬೇಲಿಯ ಸಂದಿಯಿಂದ ಕರಿನಾಯಿ ಮೂತಿ ಹೊರಗೆ ಹಾಕಿತು. ಎರಡು ಹೆಜ್ಜೆ ಬಂದು ನಿಂತಿತು. ಅದಕ್ಕೂ ಇನ್ನೂ ನಂಬಿಕೆ ಬಂದಿರಲಿಲ್ಲ.

“ಅವ್ವಾ, ಇನ್ನ ಮ್ಯಾಲ ನಾ ಏನಾಗ್ಬೇಕು?” ಕೇಳಿದಳು ಸಿಂಚನಾ.

ಒಂದು ಕಾಲದಲ್ಲಿ ಅದೇ ಪ್ರಶ್ನೆಯನ್ನು ತನಗೆ ಯಾರೂ ಕೇಳಲಿಲ್ಲ ಎಂದು ಭೂಮಿಕಾ ಕೊರಗಿದ್ದಳು. ಈಗ ಅದನ್ನು ಏಳು ವರ್ಷದ ಮಗು ತನಗೆ ಕೇಳುತ್ತಿತ್ತು, ಶಿಕ್ಷೆ ಏನೆಂದು ಕೇಳುವವರ ಹಾಗೆ.

“ಏನೂ ಆಗಬ್ಯಾಡ. ಮೊದ್ಲು ಉಣ್ಣು” ಅಂದಳು.

ಮಗುವಿನ ಎಡಗೈ ಮುಂದೆ ಬಂತು. ರೊಟ್ಟಿಯ ಮೇಲೆ, ಮುಟ್ಟಲು ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು. ಭರಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರೂ ಯಾವ ಹೆಸರನ್ನೂ ಕರೆಯಲಿಲ್ಲ. ಆ ಕೈ ಅಲ್ಲಿಯೇ, ಯಾರದೋ ಅಪ್ಪಣೆಗೆ ಕಾಯುವಂತೆ ನಿಂತಿತ್ತು. ಆಮೇಲೆ ಮೆಲ್ಲಗೆ ಹಿಂದೆ ಹೋಗಿ ಮಗುವಿನ ಮಡಿಲಲ್ಲಿ ಕೂತಿತು. ಬಲಗೈ ಮುಂದೆ ಬಂದು ರೊಟ್ಟಿ ಮುರಿಯಿತು.

ಸಿಂಚನಾ ಬಾಯಿತುಂಬ ಅಗಿಯತೊಡಗಿದಳು. ಅಗಿಯುತ್ತ ರೊಪ್ಪದ ಕಡೆ ನೋಡಿದಳು. ಬಿಳಿಮರಿ ಹಾಲು ಕುಡಿದು ಕುರಿಯ ಹೊಟ್ಟೆಗೆ ಒರಗಿತ್ತು. ನೋಡುತ್ತ ನೋಡುತ್ತ ಅವಳು ಬೆರಳನ್ನು ತನ್ನ ಬಾಯಿಗೆ ಹಾಕಿ ಮೇಲಿನ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡಳು.

“ಅವ್ವಾ, ಕುರಿಗೆ ಮ್ಯಾಲ ಮುಂದಿನ ಹಲ್ಲು ಯಾಕಿಲ್ಲ?”

ಭೂಮಿಕಾಳಿಗೆ ಗೊತ್ತಿರಲಿಲ್ಲ. ರೊಪ್ಪದಲ್ಲಿ ಹುಟ್ಟಿ ಬೆಳೆದರೂ ಅವಳು ಯಾವತ್ತೂ ಅದನ್ನು ಕೇಳಿಕೊಂಡವಳಲ್ಲ. “ನನಗ ಗೊತ್ತಿಲ್ಲ ಸಿಂಚು” ಎಂದು ಹೇಳಿ ಅಳತೊಡಗಿದಳು. “ಉಂಡು ಏಳು. ಇಬ್ರೂ ಹೋಗಿ ನೋಡೋಣ.”

ಮಡಿಲಲ್ಲಿದ್ದ ಆ ಎಡಗೈಯನ್ನು ಅವಳು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅದು ತಣ್ಣಗಿತ್ತು, ನೀರಿನಿಂದ ಈಗಷ್ಟೇ ತೆಗೆದಂತೆ ಒದ್ದೆಯಾಗಿತ್ತು. ಮಗು ರೊಟ್ಟಿ ಮುಗಿಸುವ ತನಕ ಅವಳು ಅದನ್ನು ಬಿಡಲಿಲ್ಲ. ಮುಗಿಸುವ ಹೊತ್ತಿಗೆ ಅದು ಬೆಚ್ಚಗಾಗಿತ್ತು.